ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೋ ದೂರ: ಮ್ಯಾಪ್ ಬಿಡಿ, ಚಕ್ಕೋತ ಹಣ್ಣು ತಗೊಳ್ಳಿ

ಪ್ರಶ್ನೆ: ಮಗಳು ಕ್ಯಾಲಿಫೋರ್ನಿಯಾದಲ್ಲಿದಾಳೆ, ನಾವಿಬ್ರೂ ಹೊರಟಿದೀವಿ. ಮ್ಯಾಪಲ್ಲಿ ವಿಮಾನದ ದಾರಿ ಸೈಬೀರಿಯಾ ಕಡೆ ಮೇಲಕ್ಕೆ ಬಾಗಿದೆ. ನೇರ ಪೂರ್ವಕ್ಕೆ ಹೋದ್ರೆ ಹತ್ರ ಅಲ್ವಾ ಸಾರ್? ದುಡ್ಡಿಗೋಸ್ಕರ ಸುತ್ತಿಸ್ತಾರೆ ಅಂದ್ರು ಒಬ್ರು ಏಜೆಂಟು. (ಸಾಗರದ ಓದುಗರು)

ಈ ಪ್ರಶ್ನೆ ಬಂದೂ ಬಂದೂ ಸಾಕಾಗಿದೆ ಮಾರಾಯ್ರೆ, ಇವತ್ತು ಪೂರ್ತಿ ಹೇಳ್ಬಿಡ್ತೀನಿ. ಆ ಏಜೆಂಟ್ ಹೇಳಿದ್ದು ಶುದ್ಧ ಸುಳ್ಳು. ವಿಮಾನ ಕಂಪನಿಗೆ ಇಂಧನದ್ದೇ ದೊಡ್ಡ ಖರ್ಚು, ಅದನ್ನ ಉಳಿಸೋಕೆ ರಾತ್ರಿಯೆಲ್ಲ ರೂಟ್ ಪ್ಲಾನಿಂಗ್ ಮಾಡಿದವನು ನಾನು, ಬೇಕಂತ ಸುತ್ತಿಸ್ತಾರೆ ಅಂದ್ರೆ ಸಿಟ್ಟು ಬರತ್ತೆ.

ಹಿತ್ಲಿಂದ ಒಂದು ಚಕ್ಕೋತ ಕಿತ್ಕೊಂಡು ಬನ್ನಿ. ತೊಟ್ಟು ಉತ್ತರ ಧ್ರುವ. ಹೊಟ್ಟೆ ಸುತ್ತ ಪೆನ್ನಲ್ಲಿ ಗೆರೆ ಎಳೀರಿ, ಅದು ಸಮಭಾಜಕ. ಗೆರೆಗಿಂತ ಸ್ವಲ್ಪ ಮೇಲೆ ಬೆಂಗಳೂರು, ಹಣ್ಣಿನ ಆಚೆ ಬದಿಗೆ ಇನ್ನೂ ಮೇಲೆ ಸ್ಯಾನ್ ಫ್ರಾನ್ಸಿಸ್ಕೋ. ಎರಡಕ್ಕೂ ದಾರ ಹಿಡಿದು ಬಿಗಿಯಾಗಿ ಎಳೀರಿ, ಅದು ತಾನಾಗೇ ತೊಟ್ಟಿನ ಕಡೆ ಜಾರತ್ತೆ, ಹತ್ರದ ದಾರಿ ಅದೇ, ಸುಮಾರು 14,000 ಕಿ.ಮೀ, ಸೈಬೀರಿಯಾದ ಉತ್ತರ ಅಂಚಲ್ಲಿ 71 ಡಿಗ್ರಿ ಅಕ್ಷಾಂಶದ ತನಕ ಏರಿ ಇಳಿಯತ್ತೆ. ಮ್ಯಾಪ್ ಮೇಲೆ ಸ್ಕೇಲ್ ಇಟ್ಟು ಗೆರೆ ಎಳೆದ್ರಲ್ಲ, ಆ 'ನೇರ' ದಾರಿ ಲೆಕ್ಕ ಹಾಕಿದ್ರೆ 16,000 ದಾಟತ್ತೆ!

ಈಗ ಸಿಪ್ಪೆ ಬಿಡಿಸಿ ಮೇಜಿನ ಮೇಲೆ ಚಪ್ಪಟೆ ಮಾಡಿ. ಹರಿಯತ್ತೆ ಅಲ್ವಾ? ಹರಿಯದ ಹಾಗೆ ಹಿಗ್ಗಿಸಿದ್ದೇ ಗೋಡೆ ಮ್ಯಾಪು, 1569ರಲ್ಲಿ ಮರ್ಕೇಟರ್ ಅನ್ನೋ ನಕ್ಷೆಗಾರ ಹಡಗಿನವರಿಗೆ ಅಂತ ಮಾಡಿದ್ದು. ಸಮಭಾಜಕದಲ್ಲಿ ಒಂದು ಡಿಗ್ರಿ ರೇಖಾಂಶ ಅಂದ್ರೆ 111 ಕಿ.ಮೀ, 60 ಡಿಗ್ರಿ ಉತ್ತರಕ್ಕೆ ಹೋದ್ರೆ ಅದರ ಅರ್ಧ, ಮ್ಯಾಪಲ್ಲಿ ಮಾತ್ರ ಎರಡೂ ಒಂದೇ ಅಗಲ.

ಆದ್ರೆ 14,000ಕ್ಕೇ ಅಂಟ್ಕೋಬೇಡಿ. ಮೇಲೆ ಹತ್ತು ಕಿ.ಮೀ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಅನ್ನೋ ಜೋರು ಗಾಳಿ ಬೀಸತ್ತೆ, ಗಂಟೆಗೆ 200 ಕಿ.ಮೀ ದಾಟೋದೂ ಉಂಟು, ಅದು ಬೆನ್ನಿಗಿದ್ರೆ ದಾರಿ ಉದ್ದ ಆದ್ರೂ ಬೇಗ ಮುಟ್ತೀರಿ, ಎದುರಾದ್ರೆ ತಪ್ಪಿಸ್ಕೊಂಡು ಹೋಗ್ಬೇಕು. ಹಂಗಾಗಿ ದಾರಿ ದಿನಾ ಒಂದೇ ಇರಲ್ಲ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮೊದಲ ಸ್ಯಾನ್ ಫ್ರಾನ್ಸಿಸ್ಕೋ–ಬೆಂಗಳೂರು ವಿಮಾನವನ್ನ ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತವರ ಜೊತೆಗಿದ್ದ ಮಹಿಳಾ ಪೈಲಟ್‌ಗಳು ಉತ್ತರ ಧ್ರುವದ ಮೇಲಿಂದಾನೇ ತಂದ್ರು.

ಇನ್ನೊಂದು, ಮಳೆಗಾಲದಲ್ಲಿ ಸೋಗಾನೆಯಿಂದ (ಶಿವಮೊಗ್ಗ ವಿಮಾನ ನಿಲ್ದಾಣ) ಬೆಂಗಳೂರಿಗೆ ಅದೇ ದಿನದ ವಿಮಾನ ನಂಬ್ಕೊಂಡು ಅಮೆರಿಕದ ಟಿಕೆಟ್ ಪ್ರತ್ಯೇಕವಾಗಿ ಮಾಡಿಸ್ಬೇಡಿ. ಮೋಡ ಕವಿದು ರನ್‌ವೇ ಕಾಣದಿದ್ರೆ ಮುಗೀತು. ಹಿಂದಿನ ದಿನಾನೇ ರೈಲಲ್ಲಿ ಬೆಂಗಳೂರು ಸೇರ್ಕೊಳ್ಳಿ, ನಮ್ಮನೆಯವರಾದ್ರೂ ನಾನು ಇದನ್ನೇ ಹೇಳೋದು.

ಪ್ರಶ್ನೆ: ವಿಮಾನ ಮೇಲೆ ಹೋಗಿ ಸುಮ್ನೆ ನಿಂತ್ರೆ ಭೂಮಿ ತಿರುಗಿ ಅಮೆರಿಕಾನೇ ಕೆಳಗೆ ಬರತ್ತಂತೆ?

ಬರಲ್ಲ. ಗಾಳಿಯೂ ಭೂಮಿ ಜೊತೆಗೇ ತಿರುಗತ್ತೆ. ಆ ವಾಟ್ಸಾಪ್ ವಿಡಿಯೋ ಡಿಲೀಟ್ ಮಾಡಿ, ಮಕ್ಕಳಿಗಂತೂ ತೋರಿಸ್ಬೇಡಿ.

ಪ್ರಶ್ನೆ: 17 ಗಂಟೆ ಪ್ರಯಾಣ, ಗಂಟೆಗೆ 900 ಅಂತ ಗುಣಿಸಿದ್ರೆ ದೂರ ಸಿಗತ್ತಾ?

ಇಲ್ಲ, ಗಾಳಿ ವಿಷ್ಯ ಮೇಲೇ ಹೇಳಿದೀನಿ.

ಪ್ರಶ್ನೆ: 25,000 ಕಿ.ಮೀ ದೂರದ ಊರು ಯಾವುದು?

ಇಲ್ವೇ ಇಲ್ಲ. ಭೂಮಿ ಸುತ್ತಳತೆ 40,000 ಕಿ.ಮೀ, ಅದರರ್ಧಕ್ಕಿಂತ ದೂರ ಯಾವ ಊರೂ ಇರೋಕಾಗಲ್ಲ.