ಪಾಠ ಮಾಡುವ ಖುಷಿಯೋ, ಕಾರ್ಖಾನೆಯ ಸಂಬಳವೋ?

ಪ್ರಶ್ನೆ: ನನಗೆ 28 ವರ್ಷ. ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ನಾಲ್ಕು ವರ್ಷಗಳಿಂದ ಉಡುಪಿಯ ಖಾಸಗಿ ಪಿಯು ಕಾಲೇಜೊಂದರಲ್ಲಿ ಉಪನ್ಯಾಸಕಿಯಾಗಿದ್ದೇನೆ. ಕೈಗೆ 24,000 ರೂಪಾಯಿ ಬರುತ್ತದೆ. ಅದರಲ್ಲಿ 9,000 ಮನೆಸಾಲದ ಕಂತಿಗೆ ಹೋಗುತ್ತದೆ. ಈಗ ಮಂಗಳೂರು ಬಳಿಯ ಬೈಕಂಪಾಡಿಯ ಕಾರ್ಖಾನೆಯೊಂದರ ಲ್ಯಾಬ್‌ನಲ್ಲಿ ತಿಂಗಳಿಗೆ 42,000 ರೂಪಾಯಿ ಸಿಟಿಸಿಯ ಕೆಲಸ ಸಿಕ್ಕಿದೆ. ಪಾಠ ಮಾಡುವುದು ನನಗೆ ತುಂಬ ಇಷ್ಟ. ತಂದೆಯವರು ಮಾತ್ರ "ಪ್ರಾಯ ಇರುವಾಗ ನಾಲ್ಕು ಕಾಸು ಮಾಡಿಕೊ" ಎನ್ನುತ್ತಾರೆ. ಯಾವುದನ್ನು ಆರಿಸಲಿ?
– ಓದುಗರೊಬ್ಬರು, ಬ್ರಹ್ಮಾವರ

ಉತ್ತರ: ನಿಮ್ಮ ತಂದೆಯವರ ಮಾತನ್ನು ಹಗುರವಾಗಿ ಕಾಣಬೇಡಿ. 1906ರಿಂದ 1931ರ ನಡುವೆ ಕೆನರಾ, ಕಾರ್ಪೊರೇಶನ್, ಕರ್ಣಾಟಕ, ಸಿಂಡಿಕೇಟ್, ವಿಜಯಾ ಎಂಬ ಐದು ಬ್ಯಾಂಕುಗಳನ್ನು ಹುಟ್ಟಿಸಿದ ಈ ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ, ತಿಂಗಳ ಸಂಬಳ ನಿಶ್ಚಿತವಾಗಿ ಬರುವ ಕೆಲಸವೇ ಎಷ್ಟೋ ಮನೆಗಳನ್ನು ಎತ್ತಿ ನಿಲ್ಲಿಸಿದೆ. ಆದ್ದರಿಂದ ಮೊದಲು ಹಣದ ಲೆಕ್ಕವನ್ನೇ ನೋಡೋಣ.

42,000 ಎಂಬುದು ಸಿಟಿಸಿ, ಅಂದರೆ ನಿಮಗಾಗಿ ಕಂಪನಿಗೆ ತಗಲುವ ಒಟ್ಟು ವೆಚ್ಚ. ಮೂಲ ವೇತನ ಅದರ ಅರ್ಧದಷ್ಟು, 21,000 ಎಂದಿಟ್ಟುಕೊಂಡರೆ, ಶೇ 12ರಂತೆ ಭವಿಷ್ಯನಿಧಿಗೆ ಕಂಪನಿಯ ಪಾಲು 2,520, ನಿಮ್ಮ ಪಾಲು ಮತ್ತೆ 2,520, ಗ್ರಾಚ್ಯುಟಿಯ ಬಾಬ್ತು ಸುಮಾರು 1,000, ವೃತ್ತಿ ತೆರಿಗೆ 200 ಕಳೆದು ಕೈಗೆ ಸಿಗುವುದು 36,000ಕ್ಕೂ ತುಸು ಕಡಿಮೆ. ಬ್ರಹ್ಮಾವರದಿಂದ ಬೈಕಂಪಾಡಿಗೆ ಐವತ್ತು ಕಿಲೋಮೀಟರಿಗೂ ಹೆಚ್ಚು ದೂರವಿದೆ. ದಿನವೂ ಹೋಗಿಬರುವುದು ಕಷ್ಟ, ಅದರಲ್ಲೂ ಶಿಫ್ಟ್ ಇದ್ದರೆ ಆಗದ ಮಾತು. ಸುರತ್ಕಲ್ ಕಡೆ ಪಿಜಿಯಲ್ಲಿದ್ದು ಊಟ, ಬಾಡಿಗೆಗೆ 8,000 ಖರ್ಚಾಯಿತೆನ್ನಿ, ಉಳಿಯುವುದು 28,000ದ ಒಳಗೆ. ಭವಿಷ್ಯನಿಧಿ ನಿಮ್ಮದೇ ಉಳಿತಾಯ, ಅದನ್ನು ನಷ್ಟವೆಂದು ಎಣಿಸಬಾರದು. ಆದರೆ ಪ್ರತಿ ತಿಂಗಳು ಮನೆಗೆ ಹೆಚ್ಚುವರಿಯಾಗಿ ತಲುಪುವುದು ಹದಿನೆಂಟು ಸಾವಿರವಲ್ಲ, ನಾಲ್ಕು ಸಾವಿರಕ್ಕೂ ಕಡಿಮೆ. ನಿಮ್ಮ ಆಫರ್ ಪತ್ರದ ಅಂಕಿಗಳನ್ನು ಹಾಕಿ ಈ ಲೆಕ್ಕವನ್ನು ತಂದೆಯವರೊಂದಿಗೆ ಕುಳಿತೇ ಮಾಡಿ.

ಇನ್ನು ತೃಪ್ತಿಯ ವಿಚಾರ. ಸಂಶೋಧಕ ತಿಮೊಥಿ ಜಡ್ಜ್ ಮತ್ತು ಸಂಗಡಿಗರು ಹಲವಾರು ಅಧ್ಯಯನಗಳನ್ನು ಒಟ್ಟುಗೂಡಿಸಿ 2010ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ, ಸಂಬಳದ ಮಟ್ಟಕ್ಕೂ ಕೆಲಸದ ತೃಪ್ತಿಗೂ ಇರುವ ಸಹಸಂಬಂಧ (ನಂಟೇ ಇಲ್ಲದಿದ್ದರೆ 0, ಪೂರ್ತಿ ಇದ್ದರೆ 1) ಕೇವಲ 0.15ರಷ್ಟಿತ್ತು. ಹೆಚ್ಚು ಸಂಬಳ ಪಡೆಯುವವರು ತಮ್ಮ ಕೆಲಸದಲ್ಲಿ ಅಷ್ಟೇ ಹೆಚ್ಚು ಸಂತೋಷವಾಗಿರುತ್ತಾರೆಂದು ಹೇಳಲು ಅದು ಸಾಲದು. ಹಾಗೆಂದು, ಪಾಠ ನಿಮಗೆ ಇಷ್ಟ ಎಂಬ ಕಾರಣಕ್ಕೆ ಕಡಿಮೆ ಸಂಬಳವನ್ನು ನೀವು ಸದಾ ಒಪ್ಪಿಕೊಂಡೇ ಇರಬೇಕು ಎಂಬ ವಾದವನ್ನು ನಾನು ಖಂಡಿತ ಒಪ್ಪುವುದಿಲ್ಲ. ಉಪನ್ಯಾಸಕರ ಪ್ರೀತಿಯನ್ನೇ ನೆಪ ಮಾಡಿಕೊಂಡು ವರ್ಷಗಟ್ಟಲೆ ಅದೇ ಸಂಬಳದಲ್ಲಿ ದುಡಿಸಿಕೊಳ್ಳುವುದು ಅನ್ಯಾಯ.

ನಿಮ್ಮ ಪತ್ರ ಓದಿದಾಗ ನನಗೆ ಅನಿಸಿದ್ದೆಂದರೆ, ನಿಮಗೆ ತೊಡಕಾಗಿರುವುದು ಬೋಧನಾ ವೃತ್ತಿಯಲ್ಲ, ಈಗಿನ ಹುದ್ದೆ. ಪದವಿ ಕಾಲೇಜುಗಳಲ್ಲಿ ಯುಜಿಸಿ ವೇತನ ಶ್ರೇಣಿಯ ಸಹಾಯಕ ಪ್ರಾಧ್ಯಾಪಕರ ಆರಂಭಿಕ ಮೂಲ ವೇತನವೇ 57,700 ರೂಪಾಯಿ. ಅದಕ್ಕೆ ಅರ್ಹತೆ ಕೊಡುವ ಕೆ-ಸೆಟ್ (ಕರ್ನಾಟಕ ರಾಜ್ಯ ಅರ್ಹತಾ ಪರೀಕ್ಷೆ) ಬರೆಯಲು ವಯೋಮಿತಿಯಿಲ್ಲ. ಸಾಮಾನ್ಯ ವರ್ಗದವರಿಗೆ ಸ್ನಾತಕೋತ್ತರ ಪದವಿಯಲ್ಲಿ ಶೇ 55 ಅಂಕವಿದ್ದರೆ ಸಾಕು. ಅರ್ಹತೆ ದೊರೆತ ಮಾತ್ರಕ್ಕೆ ಹುದ್ದೆ ಸಿಗುವುದಿಲ್ಲ, ನೇಮಕಾತಿಗೆ ಕಾಯಬೇಕಾಗುತ್ತದೆ ಎಂಬುದೂ ನಿಜ. ಆದರೂ ನಿತ್ಯ ರಸಾಯನಶಾಸ್ತ್ರವನ್ನೇ ಪಾಠ ಮಾಡುತ್ತಿರುವ ನಿಮಗೆ ಈ ಓದು ಹೊಸದೇನಲ್ಲ. ಸರಕಾರಿ ಪಿಯು ಕಾಲೇಜು ಬೇಕಿದ್ದರೆ ಬಿ.ಎಡ್. ಕೂಡ ಆಗಿರಬೇಕು.

ಆದ್ದರಿಂದ ಸದ್ಯಕ್ಕೆ ಕಾಲೇಜಿನಲ್ಲೇ ಉಳಿಯಿರಿ ಎಂಬುದು ನನ್ನ ಸಲಹೆ, ಆದರೆ ಕೆ-ಸೆಟ್‌ಗೆ ಎರಡು ವರ್ಷದ ಗಡುವು ಇಟ್ಟುಕೊಂಡು. ಹೊಸ ಆಫರ್ ಪತ್ರ ಕೈಯಲ್ಲಿರುವಾಗಲೇ ಆಡಳಿತ ಮಂಡಳಿಯವರಲ್ಲಿ ಸಂಬಳ ಹೆಚ್ಚಿಸುವಂತೆ ಲಿಖಿತವಾಗಿ ಕೇಳಿ. ಸಂಕೋಚಪಡಬೇಕಾದ ವಿಷಯ ಇದಲ್ಲ.

ಒಂದು ಸಂದರ್ಭದಲ್ಲಿ ಮಾತ್ರ ನನ್ನ ಉತ್ತರ ಬೇರೆ. ಕಂತು ಕಟ್ಟಿದ ಮೇಲೆ ಉಳಿಯುವ 15,000ದಲ್ಲಿ ಮನೆ ನಡೆಯದೆ ಕೈಸಾಲ ಮಾಡುವಂತಾಗಿದ್ದರೆ, ಅಥವಾ ತಂದೆಯವರ ಚಿಕಿತ್ಸೆಯಂಥ ಖರ್ಚು ಎದುರಿಗಿದ್ದರೆ, ಬೈಕಂಪಾಡಿಗೆ ನಿಶ್ಚಿಂತೆಯಿಂದ ಹೋಗಿ, ಕೆ-ಸೆಟ್ ಅನ್ನು ಅಲ್ಲಿಂದಲೇ ಬರೆಯಿರಿ. ಒಪ್ಪುವ ಮೊದಲು ಆ ಲ್ಯಾಬ್‌ನಲ್ಲಿ ಎರಡು ವರ್ಷವಾದರೂ ದುಡಿದವರೊಬ್ಬರನ್ನು ಕಂಡು, ರಾತ್ರಿ ಶಿಫ್ಟ್ ಇದೆಯೇ, ವರ್ಷಕ್ಕೆ ಸಂಬಳ ಎಷ್ಟು ಏರುತ್ತದೆ ಎಂಬುದನ್ನು ಕೇಳಿ ತಿಳಿದುಕೊಳ್ಳಿ.