ತಟ್ಟೆ ಬೇರೆ ಇಡಬೇಡಿ, ಮನೆಯವರೆಲ್ಲ ಪರೀಕ್ಷೆ ಮಾಡಿಸಿ

ಪ್ರಶ್ನೆ: ನನಗೆ 31 ವರ್ಷ. ಶಿಬಿರದಲ್ಲಿ ರಕ್ತ ಕೊಟ್ಟ ಮೇಲೆ ಬ್ಲಡ್ ಬ್ಯಾಂಕಿನವರು ಕರೆದು ಹೆಪಟೈಟಿಸ್ ಬಿ ಪಾಸಿಟಿವ್ ಅಂದರು. ಕಣ್ಣು ಹಳದಿಯಾಗಿಲ್ಲ, ಊಟ ನಿದ್ದೆ ಸರಿಯಾಗಿದೆ. ಯಾವ ಚಟವೂ ಇಲ್ಲ. ಅವ್ವ ನನ್ನ ತಟ್ಟೆ, ಲೋಟ ಬೇರೆ ಇಟ್ಟಿದ್ದಾಳೆ. ಹೆಂಡತಿಗೆ ಈಗ ಐದು ತಿಂಗಳು. ನನಗೇ ಯಾಕೆ ಬಂತು ಡಾಕ್ಟ್ರೇ?
– ಓದುಗರು, ಹಾವೇರಿ ಜಿಲ್ಲೆ

ಉತ್ತರ: ಮೊದಲು ಆ ತಟ್ಟೆ ಲೋಟವನ್ನು ಎಲ್ಲರದರ ಜೊತೆ ಸೇರಿಸಿ. ಹೆಪಟೈಟಿಸ್ ಬಿ ಅಂದರೆ ರಕ್ತದ ಮೂಲಕ ಹರಡಿ ಲಿವರ್‌ಗೆ ತಗಲುವ ವೈರಸ್ ಸೋಂಕು. ಒಟ್ಟಿಗೆ ಉಂಡರೆ, ಮಗುವನ್ನು ಎತ್ತಿಕೊಂಡರೆ ಇದು ಅಂಟುವುದಿಲ್ಲ. ಕೆಟ್ಟ ನೀರು, ಊಟದಿಂದ ಬರುವ ಕಾಮಾಲೆ ಹೆಪಟೈಟಿಸ್ ಎ ಮತ್ತು ಇ ವೈರಸ್‌ನದು. ಎರಡೂ ಒಂದೇ ಅಂತ ನಿಮ್ಮ ತಾಯಿ ಹೆದರಿದ್ದಾರೆ, ಅಷ್ಟೇ.

ನಿಮಗೊಬ್ಬರಿಗೇ ಬಂದದ್ದಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2022ರ ಅಂದಾಜಿನಂತೆ ನಮ್ಮ ದೇಶದಲ್ಲಿ ಹತ್ತಿರ ಹತ್ತಿರ 3 ಕೋಟಿ ಜನರಿಗೆ ಹೆಪಟೈಟಿಸ್ ಬಿ ಇದೆ. 100 ಜನ ಕೂತ ಮದುವೆ ಪಂಕ್ತಿಯಲ್ಲಿ ಇಬ್ಬರು ಅಂದುಕೊಳ್ಳಿ. ಹೆಚ್ಚಿನವರಿಗೆ ಅದು ಗೊತ್ತೇ ಇಲ್ಲ. ನೀವು ರಕ್ತ ಕೊಟ್ಟಿದ್ದಕ್ಕೆ ಗೊತ್ತಾಯಿತು.

ಎಲ್ಲಿಂದ ಬಂತು ಅಂತ ಖಚಿತವಾಗಿ ಹೇಳಲಾಗದು. ನಾನು ಎಲ್ಲರನ್ನೂ ಕೇಳುವುದು ಇಷ್ಟು: ಜಾತ್ರೆಯಲ್ಲಿ ಹಚ್ಚೆ ಹಾಕಿಸಿದ್ದಿರಾ? ಕ್ಷೌರದಂಗಡಿಯವರು ನಿಮ್ಮೆದುರೇ ಬ್ಲೇಡು ಬದಲಾಯಿಸುತ್ತಾರಾ? ಚಿಕ್ಕವರಿದ್ದಾಗ ಜ್ವರ ಬಂದಾಗೆಲ್ಲ ಸೂಜಿ ಹಾಕಿಸುತ್ತಿದ್ದರಾ? ಗಾಜಿನ ಸಿರಿಂಜನ್ನು ಬಿಸಿನೀರಲ್ಲಿ ಸುಮ್ನೆ ಅದ್ದಿ ಇನ್ನೊಬ್ಬರಿಗೆ ಚುಚ್ಚುವುದನ್ನು ನಾನೇ ನೋಡಿದ್ದೇನೆ. ಈ ವೈರಸ್ ಮೈಯಿಂದ ಹೊರಗೆ 7 ದಿನವಾದರೂ ಬದುಕಿರುತ್ತದೆ. 2009ರಲ್ಲಿ ಗುಜರಾತಿನ ಮೊಡಾಸಾದಲ್ಲಿ ಬಳಸಿದ ಸಿರಿಂಜನ್ನೇ ಮತ್ತೆ ಬಳಸಿದ್ದರಿಂದ ಈ ರೋಗ ಹರಡಿ ಹತ್ತಾರು ಜನ ಸತ್ತರು. ಇಂದಿಗೂ ಸೂಜಿ ಹಾಕದ ಡಾಕ್ಟರನ್ನು ಜನ ನಂಬುವುದಿಲ್ಲ. ನನಗೆ ಅದೇ ಸಂಕಟ. ಮಾತ್ರೆಯಲ್ಲೇ ಇಳಿಯುವ ಜ್ವರ ಜಾಸ್ತಿ ಅಲ್ವಾ?

ಲೈಂಗಿಕ ಸಂಪರ್ಕದಿಂದಲೂ ಬರುತ್ತದೆ. ಆದರೆ ನಿಮ್ಮ ವಿಷಯದಲ್ಲಿ ನನ್ನ ಅನುಮಾನ ಹೆರಿಗೆಯ ಹೊತ್ತಿನ ಮೇಲೆ, ಇಲ್ಲವೇ ಬಾಲ್ಯದ ಮೇಲೆ. ಹುಟ್ಟುವಾಗ ಅಂಟಿದರೆ 100ರಲ್ಲಿ ಸುಮಾರು 90 ಮಕ್ಕಳಲ್ಲಿ ಅದು ಕಾಯಂ ಉಳಿದುಬಿಡುತ್ತದೆ. ದೊಡ್ಡವರಾದ ಮೇಲೆ ಬಂದರೆ 5 ಜನರಲ್ಲೂ ಉಳಿಯುವುದಿಲ್ಲ. ನೀವು ಹುಟ್ಟಿದಾಗ ಸರ್ಕಾರಿ ಲಸಿಕೆ ಪಟ್ಟಿಯಲ್ಲಿ ಇದು ಇರಲಿಲ್ಲ. ಹಾಗಾಗಿ ತಾಯಿ, ಅಣ್ಣತಮ್ಮ, ಅಕ್ಕತಂಗಿಯರೂ ಪರೀಕ್ಷೆ ಮಾಡಿಸಲಿ. ಇದರಲ್ಲಿ ಯಾರನ್ನೂ ದೂರುವಂಥದ್ದೇನಿಲ್ಲ.

ನಿಮ್ಮ ಹೆಂಡತಿಯ ಎಚ್‌ಬಿಎಸ್‌ಎಜಿ ಪರೀಕ್ಷೆ (ಹೆಪಟೈಟಿಸ್ ಬಿ ಇದೆಯೇ ಅಂತ ನೋಡುವ ರಕ್ತ ಪರೀಕ್ಷೆ) ಮಾತ್ರ ಈ ವಾರವೇ ಆಗಬೇಕು. ನೆಗೆಟಿವ್ ಬಂದು, ಮೊದಲೇ ಲಸಿಕೆ ಆಗಿಲ್ಲದಿದ್ದರೆ ಮೂರು ಡೋಸ್ ಹಾಕಿಸಿ. ಬಸುರಿಗೆ ತೊಂದರೆಯಿಲ್ಲ. ಅದು ಮುಗಿಯುವವರೆಗೆ ಕಾಂಡೋಮ್ ಬಳಸಿ. ಪಾಸಿಟಿವ್ ಬಂದರೂ ಮಗುವನ್ನು ಕಾಪಾಡಬಹುದು. ಹುಟ್ಟಿದ 24 ಗಂಟೆಯೊಳಗೆ, ಸಾಧ್ಯವಾದರೆ ಇನ್ನೂ ಬೇಗ, ಲಸಿಕೆ ಮತ್ತು ಇಮ್ಯುನೋಗ್ಲಾಬ್ಯುಲಿನ್ (ವೈರಸ್ ತಡೆಯುವ ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು) ಎರಡೂ ಬೀಳಬೇಕು. ವೈರಸ್ ಜಾಸ್ತಿ ಇದ್ದರೆ ತಾಯಿಗೆ ಟೆನೊಫೊವಿರ್ ಮಾತ್ರೆ ಕೊಡುತ್ತಾರೆ. ಇಮ್ಯುನೋಗ್ಲಾಬ್ಯುಲಿನ್ ಎಲ್ಲ ಕಡೆ ಇರುವುದಿಲ್ಲ. ಹೆರಿಗೆ ಆಸ್ಪತ್ರೆಯಲ್ಲಿ ಈಗಲೇ ಹೇಳಿಡಿ.

ನಿಮ್ಮ ರೇಜರ್, ಹಲ್ಲುಜ್ಜುವ ಬ್ರಷ್ ಬೇರೆ ಇರಲಿ. ಜಿಲ್ಲಾಸ್ಪತ್ರೆಗೆ ಹೋಗಿ ಲಿವರ್ ಮತ್ತು ವೈರಲ್ ಲೋಡ್ (ರಕ್ತದಲ್ಲಿ ವೈರಸ್ ಎಷ್ಟಿದೆ ಅನ್ನುವ) ಪರೀಕ್ಷೆ ಬಗ್ಗೆ ಕೇಳಿ. 2018ರಲ್ಲಿ ಶುರುವಾದ ರಾಷ್ಟ್ರೀಯ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಪರೀಕ್ಷೆ, ಔಷಧ ಎರಡೂ ಉಚಿತ. ಯಾರದೋ ಮಾತು ಕೇಳಿ ಕೈಗೆ ಬರೆ ಹಾಕಿಸಿಕೊಳ್ಳಬೇಡಿ. ಎಲ್ಲರಿಗೂ ಮಾತ್ರೆ ಬೇಕಾಗುವುದಿಲ್ಲ, ಆದರೆ ಆರಾಮಾಗಿದ್ದೇನೆ ಅಂತ ಆರು ತಿಂಗಳಿಗೊಮ್ಮೆ ತೋರಿಸುವುದನ್ನು ಬಿಡಬೇಡಿ.