ಕುಂಡದ ದಾಸವಾಳದ ಮೊಗ್ಗು ಉದುರುತ್ತಿದೆ. ದೊಡ್ಡ ಕುಂಡಕ್ಕೆ ಹಾಕಲಾ, ಗೊಬ್ಬರ ಕೊಡಲಾ?

ಸದ್ಯಕ್ಕೆ ಎರಡೂ ಬೇಡ. ಮೊಗ್ಗು ಉದುರುತ್ತಿದೆ, ಎಲೆ ಹಳದಿಯಾಗುತ್ತಿದೆ, ದಿನಾ ನೀರು ಹಾಕಿದರೂ ಗಿಡ ಬಾಡಿದೆ ಅಂತ ಬರೆದಿದ್ದೀರಿ. ನನ್ನ ಕೆಂಪು ದಾಸವಾಳವೂ ಥೇಟ್ ಹೀಗೇ ಹೋಯಿತು.

ಚಿಕ್ಕ ಕುಂಡದಲ್ಲಿ ಚೆನ್ನಾಗಿಯೇ ಇತ್ತು. ಎರಡು ಮೂರು ಮೊಗ್ಗು ಉದುರಿದ್ದಕ್ಕೆ ಗಾಬರಿಯಾಗಿ, ಜಾಗ ಸಾಲದು ಅಂದುಕೊಂಡು ಬಕೆಟ್ಟಿನಷ್ಟು ದೊಡ್ಡ ಕುಂಡಕ್ಕೆ ಹಾಕಿದೆ. ಅಲ್ಲೇ ಕೆಟ್ಟಿದ್ದು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ದೊಡ್ಡ ಕುಂಡ ಅಂದರೆ ಗಿಡಕ್ಕೆ ಸುಖ ಅಂತಲೇ ಎಲ್ಲರೂ ಅಂದುಕೊಂಡಿರುತ್ತಾರೆ. ಬೇರು ಇರೋದು ನಡುವೆ ಒಂದು ಮುಷ್ಟಿ. ಸುತ್ತ ಇರುವ ಮಣ್ಣಿನಲ್ಲಿ ನೀರು ಕುಡಿಯುವವರೇ ಇಲ್ಲ! ಮೇಲೆ ಒಣಗಿದಂತೆ ಕಂಡರೂ ಒಳಗೆ ಒದ್ದೆ ಹಾಗೇ ನಿಲ್ಲುತ್ತದೆ. ಬೇರಿಗೆ ಗಾಳಿ ಸಿಗುವುದಿಲ್ಲ, ಕೊಳೆಯುತ್ತದೆ. ಕೊಳೆತ ಬೇರು ನೀರು ಎಳೆಯಲಾರದು, ಹಾಗಾಗಿ ನೀರಿನಲ್ಲೇ ನಿಂತಿದ್ದರೂ ಗಿಡ ಬಾಡುತ್ತದೆ. ನಾನು ಅದನ್ನು ಬಾಯಾರಿಕೆ ಅಂತ ತಿಳಿದು ಇನ್ನಷ್ಟು ನೀರು ಸುರಿದೆ. ಸಾಲದ್ದಕ್ಕೆ ಗೊಬ್ಬರವನ್ನೂ ಹಾಕಿದೆ. ಹುಷಾರಿಲ್ಲದವರಿಗೆ ಮದುವೆ ಊಟ ಬಡಿಸಿದ ಹಾಗೆ.

ಕೊನೆಗೆ ಕಿತ್ತು ನೋಡಿದಾಗ ಬೇರು ಕಂದು ಬಣ್ಣಕ್ಕೆ ತಿರುಗಿತ್ತು. ಬೆರಳಲ್ಲಿ ಹಿಡಿದು ಎಳೆದರೆ ಸಿಪ್ಪೆ ಜಾರಿ ಬಂದು, ಒಳಗಿನ ಸಣ್ಣ ದಾರ ಮಾತ್ರ ಉಳಿಯಿತು. ಚರಂಡಿ ವಾಸನೆ. ಇನ್ನೂ ಹಸಿರಾಗಿದ್ದ ಒಂದು ಕೊಂಬೆಯನ್ನು ಕತ್ತರಿಸಿ ನೆಟ್ಟೆ. ಈಗ ಹೂ ಕೊಡುತ್ತಿರುವುದು ಅದೇ.

ನೀವು ಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿಗಿಳಿಸಿ ನೋಡಿ. ಒದ್ದೆ ಇದ್ದರೆ ನೀರು ನಿಲ್ಲಿಸಿ. ಕುಂಡದ ಕೆಳಗೆ ತಟ್ಟೆ ಇಟ್ಟಿದ್ದರೆ ಅದರಲ್ಲಿ ನಿಂತ ನೀರು ಚೆಲ್ಲಿ. ವಾಸನೆ ಬಂದರೆ ಗಿಡ ಎತ್ತಿ, ಕೊಳೆತ ಬೇರು ಕತ್ತರಿಸಿ, ಉಳಿದ ಬೇರು ಹಿಡಿಸುವಷ್ಟೇ ಸಣ್ಣ ಕುಂಡಕ್ಕೆ ಹಾಕಿ. ಹೌದು, ಸಣ್ಣದಕ್ಕೆ. ಮುಂದೆ ಬೇರು ಕುಂಡ ತುಂಬಿಕೊಂಡಾಗ ಈಗಿನದಕ್ಕಿಂತ ಒಂದೆರಡು ಇಂಚು ಹೆಚ್ಚು ಅಗಲದ್ದು ಸಾಕು.

ಮಣ್ಣು ಸರಿಯಿದ್ದೂ ಮೊಗ್ಗು ಉದುರುತ್ತಿದ್ದರೆ, ಒಂದು ಮೊಗ್ಗು ಬಿಡಿಸಿ ಬಿಳಿ ಕಾಗದದ ಮೇಲೆ ಕೊಡವಿ. ಕಂಡೂ ಕಾಣದ ಸಣ್ಣ ಹುಳ ಓಡಾಡಿದರೆ ಅದು ಥ್ರಿಪ್ಸ್, ಮೊಗ್ಗಿನ ರಸ ಹೀರುವ ಕೀಟ. ಉದುರಿದ ಮೊಗ್ಗುಗಳನ್ನು ಅಲ್ಲೇ ಬಿಡದೆ ಆರಿಸಿ ಎಸೆಯಿರಿ. ಬಿಸಿಲು ದಿನಕ್ಕೆ ಆರು ಗಂಟೆಯಾದರೂ ಬೇಕು. ಮೊಗ್ಗು ಬಂದ ಗಿಡವನ್ನು ಸುಮ್ನೆ ಅಲ್ಲಿಂದಿಲ್ಲಿಗೆ ಎತ್ತಿಡಬೇಡಿ, ಅದಕ್ಕೂ ಉದುರುತ್ತದೆ.

ಗೊಬ್ಬರದ ಮಾತು ಹೊಸ ಚಿಗುರು ಬಂದ ಮೇಲೆ. ಆಗಲೂ ಹೂ ಜಾಸ್ತಿ ಬರುತ್ತದೆ ಅಂತ ಮಾರುವ, ರಂಜಕ ತುಂಬಿದ ಗೊಬ್ಬರ ದಾಸವಾಳಕ್ಕೆ ಬೇಡ. ಪೊಟ್ಯಾಷ್ ಹೆಚ್ಚಿರುವುದನ್ನು ತೆಳ್ಳಗೆ ಕಲಸಿ, ಮಣ್ಣು ಮೊದಲೇ ತುಸು ಒದ್ದೆಯಿದ್ದಾಗ ಹಾಕಿ.